ನಡುವೆ ಒಂದು ‘ಸಿ’

ಮಡಚಬಾರದು ಅಂದಿದ್ದರಂತೆ ಸ್ಕ್ಯಾನಿಂಗಿನವರು.
ಮಂಗಳೂರಿನಿಂದ ತಲಪಾಡಿ, ಅಲ್ಲಿಂದ ಕುಂಬಳೆ,
ಕುಂಬಳೆಯಿಂದ ಇಲ್ಲಿಗೆ, ಸೀತಾಂಗೋಳಿಗೆ,
ಮೂರು ಬಸ್ಸಲ್ಲೂ ನಿಂತೇ ಬಂದಳಂತೆ ದೆಯ್ಯಕ್ಕು.
ಕೂತರೆ ಮಡಚೀತು ಅಂತ.
ಲಕೋಟೆಯೋ ಬೆನ್ನೋ, ಹೇಳಲಿಲ್ಲ.

“ಟೀಚರೇ, ಇದರಲ್ಲಿ ಎಂತ ಉಂಟು?”

ನಾನು ಕನ್ನಡಕ ಹುಡುಕುವಷ್ಟರಲ್ಲಿ
ಅವಳ ಬೆರಳು ನಾಲ್ಕನೇ ಸಾಲಿಗೆ ಹೋಗಿ ನಿಂತಿತ್ತು.
“ಇದು ನಮ್ಮ ಚೀಲದ ಮೇಲಿದ್ದದ್ದಲ್ವಾ?”

ಇಂಗ್ಲಿಷ್ ಬಾರದು ಅವಳಿಗೆ.
ಬಸ್ಸಿನ ಮಲಯಾಳ ಬೋರ್ಡೂ ಬಾರದು,
ಬಣ್ಣ ನೋಡಿ ಹತ್ತುತ್ತಾಳೆ.
ಈ ಒಂದು ಪದದ ಮುಖ ಮಾತ್ರ ಗೊತ್ತು.
ಕಾಯಿ ಪೌಡರಿನ ಶೆಡ್ಡಿನಲ್ಲಿ ಇಪ್ಪತ್ತೊಂದು ವರ್ಷ;
ರೈಟರ್ ಮೊಯ್ದುಕುಂಞಿ ತಗಡಿನ ಅಚ್ಚಿಟ್ಟು
ಮಸಿ ಬಳಿಯುವಾಗ
ಚೀಲದ ಮೂಲೆ ಎಳೆದು ಹಿಡಿದವಳು ಇವಳೇ.

“ಸುರುವಿಗೂ ಕಡೆಗೂ ಒಂದೊಂದು ಅರ್ಧ ಹೋಳು,
ಮಧ್ಯದಲ್ಲಿ ಎರಡು ಕತ್ತಿ, ಒಂದರ ಹಿಂದೆ ಒಂದು.
ಅದೇ ಅಲ್ವಾ?”

ಅದೇ.
ಡೆಸಿಕೇಟೆಡ್.
ತೆಂಗಿನಕಾಯಿಯ ಮುಂದೆ ನಿಂತರೆ ಬರ್ಫಿಗಾಗುತ್ತದೆ.
ಬೆನ್ನಿನ ಬಿಲ್ಲೆಯ ಮುಂದೆ ನಿಂತರೆ
ಯಾವ ಮುಲಾಮಿಗೂ ಆಗುವುದಿಲ್ಲ.
ರಸವಿಲ್ಲದ ಭಾಷಣಕ್ಕೂ ಹೇಳಬಹುದು,
ಅನ್ನುತ್ತದೆ ನಿಘಂಟು.

ಫಿಲ್ಮನ್ನು ಕಿಟಕಿಗೆ ಹಿಡಿದೆ.
ನೀರಿರುವ ಬಿಲ್ಲೆ ಬೆಳ್ಳಗೆ ಕಾಣುವುದು,
ಕಪ್ಪಾದವು ಎರಡು, ಕೆಳಗಿನವು.
ದೆಯ್ಯಕ್ಕು ತುಂಬ ಹೊತ್ತು ನೋಡಿದಳು.
“ನಮ್ಮಲ್ಲಿ ಕಪ್ಪು ಸಿಪ್ಪೆ ಒಂಚೂರು ಉಳಿದರೂ
ಮಾಲು ವಾಪಸು.”

ಕನ್ನಡದಲ್ಲಿ ಹೇಳಲು ಹೊರಟೆ.
ಬತ್ತಿದ್ದು ಅಂದೆ. ಬತ್ತುವುದು ಬಾವಿ ಅಲ್ವಾ, ಅಂದಳು.
ಬಾಡಿದ್ದು? ಅದು ಅಬ್ಬಲಿಗೆಗೆ.
ಆರಿದ್ದು? ಬಟ್ಟೆ, ದೀಪ, ಗಂಜಿ.
ಹಿಂಗಿದ್ದು ಅನ್ನುವಷ್ಟರಲ್ಲಿ ಅವಳೇ ತಡೆದು,
“ಗೋಟು ಅನ್ನಿ ಟೀಚರೇ.
ಕಿವಿಯ ಹತ್ತಿರ ಆಡಿಸಿದರೆ ನೀರಿನ ಸದ್ದಿಲ್ಲ,
ಒಳಗೆ ತಿರುಳೊಂದೇ ಲೊಟಲೊಟ.”
ಸೊಂಟ ಹಿಡಿದುಕೊಂಡು ನಕ್ಕಳು.

ನನ್ನ ಎಲ್ಲ ಪದಗಳಿಗಿಂತ ಒಳ್ಳೆಯದೇ.
ಆದರೂ ಒಂದು ಮುಳ್ಳು.
ಗೋಟು ತನ್ನಷ್ಟಕ್ಕೇ ಆಗುವುದು,
ಅಟ್ಟದ ಮೇಲೆ, ಯಾರೂ ಮುಟ್ಟದೆ.
ಪೌಡರು ಹಾಗಲ್ಲ.
ಅದಕ್ಕೆ ಯಂತ್ರ ಬೇಕು, ಬಿಸಿಗಾಳಿ ಬೇಕು,
ಗಂಟೆ ಎಣಿಸುವವರು ಬೇಕು,
ಮಣೆಯಿಂದ ಏಳದೆ ಕೆತ್ತುವ
ಹನ್ನೆರಡು ಹೆಂಗಸರ ಸಾಲು ಬೇಕು.

ಈ ಇಂಗ್ಲಿಷ್ ಗುಣವಾಚಕಕ್ಕೆ ಆ ಭೇದವಿಲ್ಲ.
ತಾನಾಗಿ ಆದದ್ದೋ, ಯಾರೋ ಮಾಡಿದ್ದೋ,
ಒಂದೇ ಬಾಲದಲ್ಲಿ ಒರೆಸಿಬಿಡುತ್ತದೆ.
ನಮ್ಮದು ಬಿಡುವುದಿಲ್ಲ:
ಒಣಗಿದ. ಒಣಗಿಸಿದ.
ನಡುವೆ ಒಂದು ‘ಸಿ’.
ಏಳನೇ ಕ್ಲಾಸಿಗೆ ವರ್ಷವರ್ಷ ಹೇಳಿಕೊಡುತ್ತೇನೆ,
ಹಪ್ಪಳದ ಉದಾಹರಣೆ ಕೊಟ್ಟು.

“ಲೇಬರ್ ಆಫೀಸಿಗೆ ಒಂದು ಅರ್ಜಿ ಬೇಕಿತ್ತು.
ಕನ್ನಡದಲ್ಲಿ ಆಗ್ತದಲ್ಲ?”
ಆಗಬೇಕು, ತೆಗೆದುಕೊಳ್ಳಲೇಬೇಕು ಅಂದೆ.
ಓದುವವರು ಇದ್ದಾರೋ ಇಲ್ಲವೋ, ಅದು ಅನ್ನಲಿಲ್ಲ.

ಹೆಸರು, ಪ್ರಾಯ, ಶೆಡ್ಡಿನ ಹೆಸರು, ಸೇರಿದ ವರ್ಷ.
‘ಇದರಿಂದಾಗಿ ನನ್ನ ಬೆನ್ನಿನ ಎರಡು ಬಿಲ್ಲೆಗಳನ್ನು’
ಎಂದು ಬರೆದು,
‘ಗಳನ್ನು’ ಹೊಡೆದುಹಾಕಿ,
‘ಗಳು’ ಎಂದು ಮಾಡಿ,
ಅದನ್ನೂ ಹೊಡೆದೆ.

“ಮುಗೀತಾ?”
ಒಂದು ಅಕ್ಷರ ಬಾಕಿ ಅಂದೆ.
“ಒಂದೇ ಅಲ್ವಾ, ಬರೀರಿ,” ಅಂದಳು.
ನಿಂತೇ ಇದ್ದಾಳೆ.
ಕುರ್ಚಿ ತೋರಿಸಿದ್ದು ಇದು ಮೂರನೇ ಸಲ.